ಮಲಬಾರ್ ಹಾರುಗಪ್ಪೆ: ಮಳೆಗಾಲ ಬಂದ್ರೆ ಎಲ್ರೂ ಕೇಳೋ ಪ್ರಶ್ನೆಗಳು

ಮಿರ್ಗಿ ಮಳೆ ಹಿಡಿದು ನಾಲ್ಕು ದಿನ ಆಗ್ಲಿಲ್ಲ, ಅಷ್ಟರಲ್ಲೇ ನನ್ನ ಫೋನಿಗೆ ಒಂದೇ ಥರದ ಫೋಟೋ ಬರೋಕೆ ಶುರು ಆಗತ್ತೆ. ನೆಂಟರು, ಕಾಲೇಜಿನ ಸ್ನೇಹಿತರು, ಅವರ ಸ್ನೇಹಿತರು, ತೋಟದವರು, ಹೋಮ್‌ಸ್ಟೇ ನಡೆಸೋರು, ಎಲ್ರೂ ಕಳಿಸೋದು ಅದೇ, ನೀರಿನ ಟ್ಯಾಂಕಿನ ಮೇಲೆ ಎಲೆಗೆ ಅಂಟಿಕೊಂಡಿರೋ ಬಿಳಿ ನೊರೆ, ಇಲ್ಲಾಂದ್ರೆ ಕೆಂಪು ಕಾಲಿನ ಹಸಿರು ಮರಗಪ್ಪೆ, ಅಂದ್ರೆ ಮಲಬಾರ್ ಹಾರುಗಪ್ಪೆ. ಒಬ್ಬೊಬ್ರಿಗೂ ಬೇರೆ ಬೇರೆ ಉತ್ತರ ಬರೆಯೋ ಬದ್ಲು ಎಲ್ಲಾ ಒಂದೇ ಕಡೆ ಇರ್ಲಿ ಅಂತ ಕೂತು ಬರೆದಿದ್ದೀನಿ. ನಾನು ಮಲೆನಾಡಲ್ಲಿ ಅಡಿಕೆ ತೋಟದ ಮನೇಲಿ ಬೆಳೆದವನು, ಈ ಕಪ್ಪೇನ ಚಿಕ್ಕಂದಿನಿಂದ ನೋಡ್ತಾ ಬಂದಿದ್ದೀನಿ, ಓದಿ ತಿಳ್ಕೊಂಡಿದ್ದು ಆಮೇಲೆ.

ನಮ್ಮ ಟ್ಯಾಂಕಿನ ಮೇಲಿರೋ ಎಲೆಗೆ ಬಿಳಿ ನೊರೆ ಮುದ್ದೆ ಅಂಟಿದೆ, ಏನದು? ಹುಳದ ಗೂಡಾ?

ಹುಳದ್ದಲ್ಲ, ಕಪ್ಪೆ ಗೂಡು ಅದು. ಮುಷ್ಟಿ ಗಾತ್ರ ಇದ್ದು, ಕೆಳಗಡೆ ನಿಂತ ನೀರಿದ್ದು, ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಕಾಣಿಸ್ಕೊಂಡ್ರೆ ಮರಗಪ್ಪೆ ಗೂಡು ಅಂತಾನೇ ಇಟ್ಕೊಳ್ಳಿ. ಗಿಡದ ಕಾಂಡದಲ್ಲಿ ಉಗುಳಿದ ಹಾಗೆ ಚೂರೇ ಚೂರು ನೊರೆ ಇದ್ರೆ ಅದು ಬೇರೆ, ಅದರೊಳಗೆ ಒಂದು ಸಣ್ಣ ಹುಳ ಕೂತಿರತ್ತೆ. ಕಪ್ಪೆ ನೊರೆ ದೊಡ್ಡದು, ಕಡೆದು ನೊರೆ ಬರಿಸಿದ ಮೊಟ್ಟೆಯ ಬಿಳಿ ಭಾಗದ ಹಾಗೆ ಕಾಣತ್ತೆ, ಒಂದೆರಡು ದಿನ ಆದ್ಮೇಲೆ ಹೊರಗಡೆ ಒಣಗಿ ಸ್ವಲ್ಪ ಕಂದು ಬಣ್ಣಕ್ಕೆ ತಿರುಗತ್ತೆ, ಒಳಗೆ ಮಾತ್ರ ಹಸಿಯಾಗೇ ಇರತ್ತೆ. ನಮ್ಮನೇಲಿ ಇದನ್ನ ಏನೋ ಗಲೀಜು ಅಂತ ದೋಟೀಲಿ ತಳ್ಳಿ ಬೀಳಿಸ್ತಿದ್ರು. ಎಷ್ಟು ಗೂಡು ಹಾಗೆ ಹೋಯ್ತೋ, ಈಗ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ. ದಯವಿಟ್ಟು ಬೀಳಿಸ್ಬೇಡಿ.

ಯಾವ ಕಪ್ಪೆ ಕಟ್ಟಿದ್ದು ಅಂತ ಗೂಡು ನೋಡಿದ್ರೆ ಗೊತ್ತಾಗತ್ತಾ?

ಗೂಡು ಒಂದನ್ನೇ ನೋಡಿ ಹೇಳೋದು ಕಷ್ಟ, ಯಾಕಂದ್ರೆ ನೊರೆ ಗೂಡು ಕಟ್ಟೋ ಕಪ್ಪೆಗಳು ನಮ್ಮಲ್ಲಿ ಒಂದೇ ಅಲ್ಲ. ಬಚ್ಚಲುಮನೆ ಗೋಡೆ ಮೇಲೆ, ಕನ್ನಡಿ ಹಿಂದೆ, ಸ್ವಿಚ್ ಬೋರ್ಡ್ ಹತ್ರ ಬಂದು ಕೂರತ್ತಲ್ಲ ಕಂದು ಬಣ್ಣದ ಮರಗಪ್ಪೆ, ಅದೂ ನೊರೆ ಗೂಡೇ ಕಟ್ಟೋದು. ಎಷ್ಟೋ ಸಲ ಅದು ಟ್ಯಾಂಕಿನ ಗೋಡೆಗೇ ನೇರ ಅಂಟಿಸಿರತ್ತೆ. ಹಾರುಗಪ್ಪೆ ಗೂಡು ಸಾಮಾನ್ಯವಾಗಿ ನೀರಿನ ಮೇಲೆ ಬಾಗಿದ ಕೊಂಬೇಲಿ, ಎಲೆಗಳ ನಡುವೆ ಇರತ್ತೆ, ಎಲೆಗಳು ನೊರೆಗೆ ಅಂಟಿ ಪೊಟ್ಟಣ ಕಟ್ಟಿದ ಹಾಗೆ ಕಾಣ್ಸತ್ತೆ. ಗ್ಯಾರಂಟಿ ಬೇಕಂದ್ರೆ ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಿ ಕಪ್ಪೇನೇ ನೋಡ್ಬೇಕು.

ಹಾಗಾದ್ರೆ ಹಾರುಗಪ್ಪೆನ ಗುರುತು ಹಿಡಿಯೋದು ಹೇಗೆ?

ಬೆನ್ನು ಎಳೇ ಬಾಳೆ ಎಲೆ ಹಸಿರು, ಹೊಟ್ಟೆ ತೆಳು ಹಳದಿ, ಬೆರಳುಗಳ ನಡುವಿನ ಪೊರೆ ಮಾತ್ರ ಕಿತ್ತಳೆ ಮಿಶ್ರ ಕೆಂಪು. ಮುಂಗಾಲಿಗೂ ಪೊರೆ ಇದೆ, ಹಿಂಗಾಲಿಗೂ ಇದೆ. ಬೆರಳ ತುದೀಲಿ ದುಂಡಗಿನ ಬಿಲ್ಲೆ ಥರ ಅಗಲ ಆಗಿರತ್ತೆ, ಅದ್ರಿಂದಾನೇ ಒದ್ದೆ ಎಲೆ ಮೇಲೂ ಜಾರದೆ ಕೂರೋದು. ಹೆಣ್ಣು ದೊಡ್ಡದು, ಮೂತಿಯಿಂದ ಹಿಂಭಾಗದವರೆಗೆ ಸುಮಾರು 10 ಸೆಂಟಿಮೀಟರ್‌ವರೆಗೂ ಬೆಳೆಯತ್ತೆ, ಗಂಡು ಅದಕ್ಕಿಂತ ಎದ್ದು ಕಾಣೋ ಅಷ್ಟು ಚಿಕ್ಕದು. ಹಗಲು ಹೊತ್ತಲ್ಲಿ ಕೈಕಾಲು ಎಲ್ಲಾ ಮಡಚಿ ಹೊಟ್ಟೆ ಕೆಳಗೆ ಸೇರಿಸ್ಕೊಂಡು ಎಲೆಗೆ ಒತ್ತಿಕೊಂಡು ಮಲಗಿರತ್ತೆ, ಆಗ ಆ ಕೆಂಪು ಚೂರೂ ಕಾಣಲ್ಲ, ಬರೀ ಒಂದು ಹಸಿರು ಉಂಡೆ. ಮೂಗಿನ ಮುಂದೆ ಇದ್ರೂ ಕಾಣದೇ ಹೋಗಿರೋದು ನನಗೇ ಬೇಕಾದಷ್ಟು ಸಲ ಆಗಿದೆ. ಹಾರಿದಾಗ್ಲೇ ಆ ಕೆಂಪು ಬಿಚ್ಚಿಕೊಳ್ಳೋದು.

ಇದರ ವಿಜ್ಞಾನದ ಹೆಸರು ರ್ಯಾಕೋಫೋರಸ್ ಮಲಬಾರಿಕಸ್. 1870ರಲ್ಲಿ ಥಾಮಸ್ ಜೆರ್ಡನ್ ಅನ್ನೋ ಬ್ರಿಟಿಷ್ ವೈದ್ಯ, ಪಕ್ಷಿಗಳ ಬಗ್ಗೆ ಜಾಸ್ತಿ ಕೆಲಸ ಮಾಡಿದವರು, ಇದಕ್ಕೆ ಈ ಹೆಸರು ಕೊಟ್ಟಿದ್ದು.

ನಿಜವಾಗ್ಲೂ ಹಾರತ್ತಾ?

ಹಕ್ಕಿ ಥರ ರೆಕ್ಕೆ ಬಡಿದು ಮೇಲಕ್ಕೆ ಹೋಗಲ್ಲ, ತೇಲಿಕೊಂಡು ಇಳಿಯತ್ತೆ. ಎತ್ತರದ ಕೊಂಬೆಯಿಂದ ಜಿಗಿದು ನಾಲ್ಕೂ ಕಾಲು ಅಗಲಿಸಿ ಬೆರಳು ಬಿಚ್ಚಿದ್ರೆ ಆ ಪೊರೆಗಳು ನಾಲ್ಕು ಪುಟ್ಟ ಕೊಡೆ ಬಿಚ್ಚಿದ ಹಾಗೆ ಗಾಳಿ ಹಿಡಿಯತ್ತೆ, ಕೈ ಅಂಚಲ್ಲಿ, ಹಿಮ್ಮಡಿ ಹತ್ರ ಇರೋ ಚರ್ಮದ ಪಟ್ಟಿಗಳೂ ಅದಕ್ಕೆ ಸೇರ್ಕೊಳ್ಳತ್ತೆ. ಹೀಗೆ 9ರಿಂದ 12 ಮೀಟರ್ ದೂರ ಹೋಗತ್ತೆ ಅಂತ ದಾಖಲಾಗಿದೆ, ಅಂದ್ರೆ ಅದರ ಮೈ ಉದ್ದದ ನೂರು ಪಟ್ಟಿಗಿಂತ ಜಾಸ್ತಿ.

ಇದರಲ್ಲಿ ನನಗೆ ತುಂಬಾ ಇಷ್ಟ ಆದ ವಿಷ್ಯ ಒಂದಿದೆ. 1990ರಲ್ಲಿ ಎಮರ್ಸನ್ ಮತ್ತು ಕೋಹ್ಲ್ ಅನ್ನೋ ಇಬ್ರು ವಿಜ್ಞಾನಿಗಳು ಹಾರುಗಪ್ಪೆಗಳ ಮಾದರಿ ಮಾಡಿ ಗಾಳಿ ಸುರಂಗದಲ್ಲಿ (ಒಳಗೆ ಜೋರಾಗಿ ಗಾಳಿ ಬೀಸೋ ದೊಡ್ಡ ಕೊಳವೆ) ಇಟ್ಟು ಪರೀಕ್ಷೆ ಮಾಡಿದ್ರು, ದೂರ ಹೋಗೋಕೆ ಈ ಪೊರೆ ಇದೆ ಅಂತ ನಾವೆಲ್ಲ ಅಂದ್ಕೊಂಡಿರ್ತೀವಲ್ಲ, ಅದಕ್ಕಿಂತ ಗಾಳಿಯಲ್ಲಿ ತಿರುಗೋಕೆ, ದಿಕ್ಕು ಬದಲಿಸೋಕೆ ಅದು ಜಾಸ್ತಿ ಸಹಾಯ ಮಾಡತ್ತೆ, ಕಪ್ಪೆ ಕಾಲು ಅಗಲಿಸಿ ಹಿಡಿಯೋ ಭಂಗಿಯಿಂದ ದೂರ ಸ್ವಲ್ಪ ಕಮ್ಮಿಯೇ ಆದ್ರೂ ತಿರುಗೋ ಶಕ್ತಿ ಬರತ್ತೆ ಅಂತ ಕಂಡ್ಕೊಂಡ್ರು. ಮಲೆನಾಡಿನ ಕಾಡು ನೋಡಿದವ್ರಿಗೆ ಇದು ತಕ್ಷಣ ಅರ್ಥ ಆಗತ್ತೆ. ಅಷ್ಟು ಒತ್ತಾಗಿ ಕೊಂಬೆ, ಬಳ್ಳಿ, ಬೆತ್ತ ಇರೋ ಕಡೆ ನೇರ ಹೋದ್ರೆ ಡಿಕ್ಕಿ ಹೊಡೆಯೋದೇ, ಬಳಸ್ಕೊಂಡು ಹೋಗೋದೇ ಜಾಣತನ.

ಹೊರ ಜಗತ್ತಿಗೆ ಹಾರೋ ಕಪ್ಪೆ ವಿಷ್ಯ ಗೊತ್ತಾಗಿದ್ದು ನಮ್ಮ ಕಪ್ಪೆಯಿಂದ ಅಲ್ಲ, ಬೋರ್ನಿಯೋದ ಕಪ್ಪೆಯಿಂದ. ಅಲ್ಲಿನ ಸರವಾಕ್‌ನಲ್ಲಿ ಒಬ್ಬ ಚೀನೀ ಕೂಲಿಯಾಳು, ಎತ್ತರದ ಮರದಿಂದ ಹಾರಿದ ಹಾಗೆ ಓರೆಯಾಗಿ ಇಳಿದು ಬಂತು ಅಂತ ಹೇಳಿ ಒಂದು ದೊಡ್ಡ ಕಪ್ಪೇನ ಆಲ್‌ಫ್ರೆಡ್ ರಸೆಲ್ ವಾಲೇಸ್ ಅನ್ನೋ ಬ್ರಿಟಿಷ್ ಪ್ರಕೃತಿ ವಿಜ್ಞಾನಿಗೆ ತಂದು ಕೊಟ್ಟ. ವಾಲೇಸ್ ಅದನ್ನ 1869ರಲ್ಲಿ ಬಂದ ತನ್ನ ಪ್ರವಾಸ ಕಥನದಲ್ಲಿ ಚಿತ್ರದ ಜೊತೆ ಬರೆದ. ಆ ಕಪ್ಪೆಗೆ ಈಗ ವಾಲೇಸ್ ಹೆಸರಿದೆ. ತಂದು ಕೊಟ್ಟವನ ಹೆಸರು ಎಲ್ಲೂ ಇಲ್ಲ, ನೋಡಿದ್ದು ಅವನೇ ಮೊದಲು.

ಗೂಡು ಕಟ್ಟೋದು ಗಂಡಾ ಹೆಣ್ಣಾ? ಆ ನೊರೆ ಎಲ್ಲಿಂದ ಬರತ್ತೆ?

ಕೆಲಸ ಎಲ್ಲಾ ಹೆಣ್ಣಿಂದೇ. ಗಂಡುಗಳು ಮೊದಲೇ ಬಂದು ನೀರಿನ ಪಕ್ಕದ ಗಿಡಗಳಲ್ಲಿ ಕೂತು ಕೂಗ್ತಿರ್ತವೆ, ಹೆಣ್ಣು ಬಂದಾಗ ಒಂದು ಗಂಡು ಬೆನ್ನೇರತ್ತೆ, ಅದನ್ನ ಹೊತ್ಕೊಂಡೇ ಹೆಣ್ಣು ಜಾಗ ಹುಡುಕತ್ತೆ. ಕೆಳಗೆ ನೀರಿರೋ ಕೊಂಬೆ ಸಿಕ್ಕಿದ ಮೇಲೆ ಮೈಯಿಂದ ಅಂಟು ಅಂಟಾದ ದ್ರವ ಬಿಟ್ಟು ಹಿಂಗಾಲಲ್ಲಿ ಅದನ್ನ ಕಡೆಯತ್ತೆ, ಮೊಸರು ಕಡೆದ ಹಾಗೇ, ಆಚೆ ಈಚೆ, ಆಚೆ ಈಚೆ, ನೋಡ್ತಾ ನೋಡ್ತಾ ನೊರೆ ಉಬ್ಬಿ ಬರತ್ತೆ. ನಡುನಡುವೆ ಮೊಟ್ಟೆ ಇಡತ್ತೆ, ಗಂಡು ಅದಕ್ಕೆ ವೀರ್ಯ ಸೇರಿಸತ್ತೆ. ಮೊಟ್ಟೆ ಬಿಳೀದು, ಕೆರೇಲಿ ಕಾಣೋ ಕಪ್ಪೆ ಮೊಟ್ಟೆ ಥರ ಕಪ್ಪು ಚುಕ್ಕೆ ಇರಲ್ಲ. ಬಿಸಿಲಿಗೆ ಬೀಳದೇ ನೊರೆ ಒಳಗೇ ಇರೋದ್ರಿಂದ ಅದಕ್ಕೆ ಆ ಕಪ್ಪು ಬಣ್ಣದ ರಕ್ಷಣೆ ಬೇಕಾಗಲ್ಲ.

ಇದನ್ನ ಕೂತು ಸರಿಯಾಗಿ ಗಮನಿಸಿ ಬರೆದವರಲ್ಲಿ ನಮ್ಮವ್ರೂ ಇದ್ದಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಶೋಧಕರು ಈ ಕಪ್ಪೆ ಜೊತೆಗೂಡೋದು, ಗೂಡು ಕಟ್ಟೋದರ ಬಗ್ಗೆ 2000ದಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ್ರು.

ಅಷ್ಟು ಕಷ್ಟ ಪಡೋ ಬದ್ಲು ನೀರಲ್ಲೇ ಮೊಟ್ಟೆ ಇಡಬಹುದಲ್ವಾ?

ನೀರಲ್ಲಿ ಯಾರ್ಯಾರಿದ್ದಾರೆ ನೋಡಿ. ಮೀನು, ಏಡಿ, ನೀರು ತಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿಗಳು (ಅವು ನೀರೊಳಗೆ ಇರ್ತವೆ, ಭಾರೀ ಹೊಟ್ಟೆಬಾಕ), ಬೇರೆ ಕಪ್ಪೆಗಳ ಗೊದಮೊಟ್ಟೆಗಳು. ಕದಲೋಕೂ ಆಗದ ಮೊಟ್ಟೆಗೆ ಅಲ್ಲಿ ಉಳಿಗಾಲ ಇಲ್ಲ. ನೊರೆ ಒಳಗಾದ್ರೆ ಮೊದಲ ದಿನಗಳು ಸುರಕ್ಷಿತವಾಗಿ ಕಳೆಯತ್ತೆ, ನಡುವೆ ಎರಡು ದಿನ ಮಳೆ ಬಿಟ್ಟು ಬಿಸಿಲು ಬಂದ್ರೂ ಹೊರಪದರ ಒಣಗಿ ಒಳಗಿನ ತೇವ ಉಳಿಯತ್ತೆ, ನೊರೆಯ ಗುಳ್ಳೆಗಳಲ್ಲಿ ಗಾಳಿಯೂ ಸಿಗತ್ತೆ. ಮೊಟ್ಟೆ ಒಡೆದು ಪುಟ್ಟ ಗೊದಮೊಟ್ಟೆ ಆದ್ಮೇಲೆ ನೊರೆ ಕೆಳಭಾಗ ನೀರಾಗಿ ಕರಗತ್ತೆ, ಜಡಿಮಳೆ ಬಂದ್ರೆ ಇನ್ನೂ ಬೇಗ, ಒಂದೊಂದೇ ತಟಕ್ ತಟಕ್ ಅಂತ ಕೆಳಗಿನ ನೀರಿಗೆ ಬೀಳ್ತವೆ. ಆಗ ಅವಕ್ಕೆ ಈಜೋಕೆ ಬರತ್ತೆ, ಅಡಗೋಕೆ ಬರತ್ತೆ. ಮಳೆಗಾಲ ಮುಗಿಯೋ ಹೊತ್ತಿಗೆ ಕಾಲು ಬಂದು ಬಾಲ ಕರಗಿ ಹತ್ತಿರದ ಗಿಡ ಹತ್ತಿರ್ತವೆ.

ಈ ಇಡೀ ಕಥೆ ನಿಂತಿರೋದು ಒಂದೇ ಒಂದು ಜಾಗದ ಮೇಲೆ, ನಿಂತ ನೀರಿನ ಮೇಲೆ ಬಾಗಿದ ಒಂದು ಕೊಂಬೆ. ನೀರಿದ್ದು ಕೊಂಬೆ ಇಲ್ಲಾಂದ್ರೂ ಆಗಲ್ಲ, ಕೊಂಬೆ ಇದ್ದು ಕೆಳಗೆ ನೀರಿಲ್ಲಾಂದ್ರೂ ಆಗಲ್ಲ. ಇದನ್ನ ನೆನಪಲ್ಲಿಟ್ಕೊಂಡ್ರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು.

ಎಲ್ಲೆಲ್ಲಿ ಇದೆ ಇದು? ಬೆಂಗಳೂರಲ್ಲಿ ಸಿಗತ್ತಾ?

ಬೆಂಗಳೂರಲ್ಲಿ ಇಲ್ಲ. ಇಡೀ ಪ್ರಪಂಚದಲ್ಲಿ ಪಶ್ಚಿಮ ಘಟ್ಟ ಬಿಟ್ರೆ ಬೇರೆಲ್ಲೂ ಇಲ್ಲ. ಮಹಾರಾಷ್ಟ್ರದ ಅಂಬೋಲಿ ಕಡೆಯಿಂದ ಗೋವಾ, ನಮ್ಮ ಕ್ಯಾಸಲ್‌ರಾಕ್, ದಾಂಡೇಲಿ, ಶಿರಸಿ ಸಿದ್ದಾಪುರ, ಆಗುಂಬೆ, ಶೃಂಗೇರಿ, ಕುದುರೆಮುಖ, ಸಕಲೇಶಪುರ, ಕೊಡಗು, ಆಮೇಲೆ ವಯನಾಡು, ಕೇರಳದ ಕಡೆ. ಜಾಸ್ತಿ ಕಾಣೋದು ಸುಮಾರು 300ರಿಂದ 1200 ಮೀಟರ್ ಎತ್ತರದಲ್ಲಿ. ನಿತ್ಯಹರಿದ್ವರ್ಣ ಕಾಡು, ತೇವ ಇರೋ ಎಲೆ ಉದುರೋ ಕಾಡು, ಕಾಫಿ ಏಲಕ್ಕಿ ತೋಟ, ಅಡಿಕೆ ತೋಟದ ಅಂಚು, ಎಲ್ಲಾ ಕಡೆ ಇರತ್ತೆ.

ಕಾಡಿನ ಕಪ್ಪೆ ಅಂದ್ರೆ ಹರಿಯೋ ಹಳ್ಳದಲ್ಲಿ ಇರತ್ತೆ ಅಂತ ಸುಮಾರು ಜನ ಅಂದ್ಕೊಳ್ತಾರೆ. ಇದಕ್ಕೆ ಹರಿಯೋ ನೀರು ಆಗಿಬರಲ್ಲ, ಗೊದಮೊಟ್ಟೆ ಕೊಚ್ಚಿ ಹೋಗತ್ತೆ. ಮಳೆಗಾಲದಲ್ಲಿ ತುಂಬೋ ಹೊಂಡ, ಕೆರೆ, ಹಳೇ ಕಲ್ಲು ಕ್ವಾರಿ, ತೋಟದ ಸಿಮೆಂಟ್ ತೊಟ್ಟಿ, ಬಾವಿ, ದೇವಸ್ಥಾನದ ಪುಷ್ಕರಣಿ ಇವೇ ಅದಕ್ಕೆ ಬೇಕಾಗಿರೋದು. ಕಾಡಲ್ಲಿ ಅಂಥ ಹೊಂಡ ಕಮ್ಮಿ ಆದ ಹಾಗೆ ಮನೆ ಹತ್ರದ ಟ್ಯಾಂಕಿಗೆ ಬರತ್ತೆ. ಅದು ನಿಮ್ಮನೆಗೆ ಬಂದಿದೆ ಅಂದ್ರೆ ನಿಮ್ಮ ತೋಟದಲ್ಲಿ ಮರವೂ ಇದೆ, ನೀರೂ ಇದೆ ಅಂತ ಅರ್ಥ, ನನಗಂತೂ ಖುಷಿ ಪಡೋ ವಿಷಯ.

ಬೇಸಿಗೇಲಿ ಒಂದೂ ಕಾಣಲ್ಲ ಯಾಕೆ?

ಮೇಲೆ ಇರತ್ತೆ. ಮರದ ತುದಿ ಕಡೆ, ತೇವ ಇರೋ ಸಂದುಗಳಲ್ಲಿ. ನಮ್ಮ ಕಣ್ಣಿಗೆ ಬೀಳೋಷ್ಟು ಕೆಳಗೆ ಇಳಿಯೋದು ಮಳೆಗಾಲದಲ್ಲಿ, ಸಂತಾನಕ್ಕೋಸ್ಕರ.

ಕಚ್ಚತ್ತಾ? ವಿಷ ಇದ್ಯಾ? ಮಕ್ಕಳು ಮುಟ್ಟಿದ್ರೆ?

ಕಚ್ಚಲ್ಲ, ಮನುಷ್ಯರಿಗೆ ಅಪಾಯ ಮಾಡೋ ವಿಷ ಇಲ್ಲ. ಯಾವ ಕಪ್ಪೆ ಮುಟ್ಟಿದ್ರೂ ಕೈ ತೊಳೀಬೇಕು, ತೊಳೀದೇ ಕಣ್ಣು ಉಜ್ಜಿದ್ರೆ ಉರಿಯತ್ತೆ ಅಷ್ಟೇ. ನಿಜ ಹೇಳ್ಬೇಕಂದ್ರೆ ಮುಟ್ಟೋದ್ರಿಂದ ತೊಂದ್ರೆ ಕಪ್ಪೆಗೇ ಜಾಸ್ತಿ, ಅದು ಚರ್ಮದಿಂದಾನೂ ಉಸಿರಾಡತ್ತೆ, ನೀರು ಹೀರ್ಕೊಳ್ಳೋದೂ ಚರ್ಮದಿಂದಾನೇ. ನಮ್ಮ ಕೈಲಿರೋ ಸೋಪು, ಸೊಳ್ಳೆ ಕ್ರೀಮು, ಉಂಬಳಕ್ಕೆ ಅಂತ ಹಚ್ಕೊಂಡ ಹೊಗೆಸೊಪ್ಪು ಸುಣ್ಣ, ಎಲ್ಲಾ ನೇರ ಒಳಗೆ ಹೋಗತ್ತೆ.

ಕೆಂಪು ಕಣ್ಣಿನ ಹಸಿರು ಕಪ್ಪೆ ಫೋಟೋ ಎಲ್ಲಾ ಕಡೆ ನೋಡ್ತೀವಲ್ಲ, ಅದೂ ಇದೂ ಒಂದೇನಾ?

ಅಲ್ಲ. ಅದು ಮಧ್ಯ ಅಮೆರಿಕದ್ದು, ಮೆಕ್ಸಿಕೋದ ದಕ್ಷಿಣದಿಂದ ಕೊಲಂಬಿಯಾವರೆಗೆ ಸಿಗತ್ತೆ, ಕುಟುಂಬವೇ ಬೇರೆ. ಆದ್ರೆ ಒಂದು ವಿಷ್ಯದಲ್ಲಿ ಎರಡಕ್ಕೂ ಹೋಲಿಕೆ ಇದೆ, ಅದೂ ನೀರಿನ ಮೇಲಿರೋ ಎಲೆಗೇ ಮೊಟ್ಟೆ ಅಂಟಿಸೋದು, ನೊರೆ ಇಲ್ಲದೇ ಲೋಳೆಯಲ್ಲಿ. ಹಾವು ಬಂದು ಮೊಟ್ಟೆ ತಿನ್ನೋಕೆ ಶುರು ಮಾಡಿದ್ರೆ ಒಳಗಿರೋ ಮರಿಗಳು ಆ ಅಲುಗಾಟ ಗೊತ್ತು ಮಾಡ್ಕೊಂಡು ದಿನ ತುಂಬೋಕೆ ಮೊದ್ಲೇ ಒಡೆದುಕೊಂಡು ನೀರಿಗೆ ಬೀಳ್ತವೆ ಅಂತ ಕ್ಯಾರೆನ್ ವಾರ್ಕೆಂಟಿನ್ ಅನ್ನೋ ವಿಜ್ಞಾನಿ 1995ರಲ್ಲಿ ತೋರಿಸಿದ್ರು. ಇದನ್ನ ಮೊದಲ ಸಲ ಓದಿದ ದಿನ ನಾನು ಮನೇಲಿ ಸಿಕ್ಕ ಸಿಕ್ಕವ್ರಿಗೆಲ್ಲ ಹೇಳ್ಕೊಂಡು ಓಡಾಡಿದ್ದೆ.

ನಮ್ಮಲ್ಲೇ ಹಾರುಗಪ್ಪೆಗೆ ಹತ್ತಿರದ ನೆಂಟರು ಬೇರೆ ಇದ್ದಾರೆ. ಕೊಡಗು ವಯನಾಡು ಕಡೆ ಇದಕ್ಕಿಂತ ತುಂಬಾ ಚಿಕ್ಕದೊಂದಿದೆ, ರ್ಯಾಕೋಫೋರಸ್ ಲ್ಯಾಟರಾಲಿಸ್, ಅದರ ತಾಯಿ ಮೊಟ್ಟೆ ಇಟ್ಟ ಎಲೇನ ತಾನೇ ಮಡಚಿ ಅಂಟಿಸಿ ಮುಚ್ಚತ್ತೆ, ನಾವು ಎಲೆ ಮಡಚಿ ಕಡುಬಿಗೆ ಕಟ್ಟೋ ಹಾಗೆ. 2000ದಲ್ಲಿ ಆನಮಲೈ ಬೆಟ್ಟದಿಂದ ಮತ್ತೊಂದಕ್ಕೆ ಹೆಸರಿಟ್ರು, ನೋಡೋಕೆ ಮಲಬಾರ್ ಕಪ್ಪೆ ಥರಾನೇ ಇದೆ ಅಂತ ಹೆಸರೂ ಹಾಗೇ, ಸ್ಯೂಡೋಮಲಬಾರಿಕಸ್, ಅಂದ್ರೆ ಹುಸಿ ಮಲಬಾರಿಕಸ್.

ಗೂಡಿನ ಕೆಳಗೆ ನೀರೇ ಇಲ್ಲ, ಒಣಗಿದೆ. ಕಿತ್ತು ಬೇರೆ ಕಡೆ ಇಡ್ಲಾ?

ಕೀಳ್ಬೇಡಿ. ಕಿತ್ತರೆ ನೊರೆ ಹರಿದು ಮೊಟ್ಟೆ ಒಣಗತ್ತೆ. ಗೂಡಿನ ನೇರ ಕೆಳಗೆ ಅಗಲವಾದ ಬೇಸನ್ನೋ ಹಳೇ ಟಬ್ಬೋ ಇಟ್ಟು ಮಳೆನೀರು ತುಂಬಿ, ನಲ್ಲಿ ನೀರಾದ್ರೆ ಕ್ಲೋರಿನ್ ಇರತ್ತೆ ಬೇಡ. ನಾಲ್ಕು ಒಣ ಎಲೆ, ಸ್ವಲ್ಪ ಪಾಚಿ ಹಾಕಿ. ಗೊದಮೊಟ್ಟೆ ಬಿದ್ದ ಮೇಲೆ ಹತ್ತಿರದಲ್ಲೇ ಮೀನಿಲ್ಲದ ಹೊಂಡಕ್ಕೆ ಬಿಟ್ಬಿಡಿ, ಅದೂ ಅದೇ ತೋಟದ ಹೊಂಡಕ್ಕೆ, ಕಾರಲ್ಲಿಟ್ಕೊಂಡು ಬೇರೆ ಊರಿಗೆ ತಗೊಂಡು ಹೋಗ್ಬೇಡಿ.

ಸೊಳ್ಳೆ ಆಗತ್ತೆ ಅಂತ ಟ್ಯಾಂಕಿಗೆ ಗಪ್ಪಿ ಮೀನು ಬಿಟ್ಟಿದ್ದೀವಿ, ತೊಂದ್ರೆನಾ?

ತೊಂದ್ರೆನೇ. ಗಪ್ಪಿ ಮತ್ತು ಗ್ಯಾಂಬೂಸಿಯಾ ಎರಡೂ ಹೊರದೇಶದ ಮೀನು, ಮಲೇರಿಯಾ ಡೆಂಗಿ ತಡೆಯೋಕೆ ಅಂತ ನಮ್ಮ ಕೆರೆ ಬಾವಿಗಳಿಗೆ ಬಿಡ್ತಾ ಬಂದಿದ್ದಾರೆ, ಉದ್ದೇಶ ಒಳ್ಳೇದೇ. ಆದ್ರೆ ಅವಕ್ಕೆ ಸೊಳ್ಳೆ ಮರಿ ಯಾವುದು, ಆಗ ತಾನೇ ಬಿದ್ದ ಪುಟಾಣಿ ಗೊದಮೊಟ್ಟೆ ಯಾವುದು ಅನ್ನೋ ಭೇದ ಇಲ್ಲ, ಗ್ಯಾಂಬೂಸಿಯಾ ಅಂತೂ ದೊಡ್ಡ ಗೊದಮೊಟ್ಟೆಯ ಬಾಲವನ್ನೂ ಕಚ್ಚಿ ಹಾಕತ್ತೆ. ಪಾಪ ಕಪ್ಪೆ ನೀರಿನ ಶತ್ರುಗಳಿಂದ ತಪ್ಪಿಸ್ಕೊಳ್ಳೋಕೆ ಅಂತಾನೇ ಅಷ್ಟು ಎತ್ತರದಲ್ಲಿ ಗೂಡು ಕಟ್ಟಿರತ್ತೆ, ಮರಿಗಳು ಬೀಳೋದು ಮೀನಿನ ಬಾಯಿಗೆ. ಮನೆ ಬಳಕೆಯ ಟ್ಯಾಂಕನ್ನ ಮುಚ್ಚಿಡಿ, ಸೊಳ್ಳೇನೂ ಬರಲ್ಲ. ತೋಟದ ಹೊಂಡ ಒಂದನ್ನಾದ್ರೂ ಮೀನು ಬಿಡದೇ ಕಪ್ಪೆಗೆ ಅಂತ ಉಳಿಸಿ.

ಅಡಿಕೆಗೆ ಕೊಳೆ ಔಷಧಿ ಹೊಡೆಯೋದ್ರಿಂದ ಕಪ್ಪೆಗೆ ಏನಾದ್ರೂ ಆಗತ್ತಾ?

ಇದು ನಮ್ಮ ಕಡೆಯ ಪ್ರಶ್ನೆ, ನಾನೂ ಬೆಳೆಗಾರರ ಮನೆಯವನೇ ಆಗಿರೋದ್ರಿಂದ ಹೊಡೀಬೇಡಿ ಅಂತ ಹೇಳೋಕೆ ಬಾಯಿ ಬರಲ್ಲ, ಕೊಳೆ ಬಂದ್ರೆ ವರ್ಷದ ಅನ್ನವೇ ಹೋಗತ್ತೆ. ಕೊಳೆಗೆ (ಅಡಿಕೆ ಕಾಯಿ ಕೊಳೆತು ಉದುರೋ ರೋಗ) ಹೊಡೆಯೋ ಬೋರ್ಡೋ ದ್ರಾವಣ ಅಂದ್ರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದಲ್ಲಿರೋ ತಾಮ್ರ ಗೊದಮೊಟ್ಟೆಗೆ ವಿಷ. ನಾವು ಮೊದಲ ಸಲ ಹೊಡೆಯೋದು ಮಳೆ ಶುರುವಾಗೋ ಹೊತ್ತಿಗೆ, ಎರಡನೇ ಸಲ ಸುಮಾರು 40-45 ದಿನಕ್ಕೆ, ಕಪ್ಪೆ ಗೂಡು ಕಟ್ಟೋದೂ ಸರಿಯಾಗಿ ಅದೇ ಟೈಮಲ್ಲಿ. ಮರಕ್ಕೆ ಹೊಡೆಯೋದಕ್ಕಿಂತ ಹೊಂಡದ ಪಕ್ಕ ಡ್ರಮ್ ಇಟ್ಟು ಕಲಸೋದು, ಆಮೇಲೆ ಡ್ರಮ್ಮು, ಪೈಪು, ಗನ್ನು ಎಲ್ಲಾ ಅದೇ ಹೊಂಡದಲ್ಲಿ ಅದ್ದಿ ತೊಳೆಯೋದು, ಆ ಅಭ್ಯಾಸ ಕೆಟ್ಟದ್ದು. ನೀರನ್ನ ಪೈಪಲ್ಲಿ ದೂರಕ್ಕೆ ಎಳ್ಕೊಂಡು ಅಲ್ಲೇ ಕಲಸಿ, ತೊಳೆದ ನೀರು ಹೊಂಡಕ್ಕೆ ಹೋಗದೇ ಇರೋ ಹಾಗೆ ಚೆಲ್ಲಿ. ನಮ್ಮ ತೋಟದಲ್ಲಿ ಇದೊಂದನ್ನ ಬದಲಾಯಿಸಿದ್ವಿ, ಔಷಧಿ ಖರ್ಚು ಒಂದು ರೂಪಾಯಿ ಜಾಸ್ತಿ ಆಗ್ಲಿಲ್ಲ, ಕೊಳೆಯೂ ಜಾಸ್ತಿ ಆಗ್ಲಿಲ್ಲ. ಹುಲ್ಲಿಗೆ ಹೊಡೆಯೋ ಕಳೆನಾಶಕ ಮಾತ್ರ ನೀರಿನ ಹತ್ರ ಬೇಡವೇ ಬೇಡ.

ಅಳಿವಿನಂಚಲ್ಲಿ ಇದ್ಯಾ?

ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಲೆಕ್ಕ ಇಡೋ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಪಟ್ಟೀಲಿ ಇದು ಸದ್ಯಕ್ಕೆ ಆತಂಕ ಇಲ್ಲದ ಗುಂಪಲ್ಲಿದೆ, ಯಾಕಂದ್ರೆ ತೋಟಗಳಿಗೂ ಹೊಂದಿಕೊಂಡಿದೆ. ಅದಕ್ಕೆ ಇದರ ಬಗ್ಗೆ ಯಾಕಿಷ್ಟು ತಲೆ ಕೆಡಿಸ್ಕೊಳ್ತೀರಿ ಅಂತ ಕೆಲವ್ರು ಕೇಳ್ತಾರೆ. 2023ರಲ್ಲಿ ಇಡೀ ಪ್ರಪಂಚದ ಉಭಯವಾಸಿಗಳ ಲೆಕ್ಕ ಹೊಸದಾಗಿ ಹಾಕಿದಾಗ ಶೇಕಡ 41ರಷ್ಟು ಪ್ರಭೇದಗಳು ಅಪಾಯದಲ್ಲಿವೆ ಅಂತ ಬಂತು, ಹಕ್ಕಿ ಸಸ್ತನಿಗಳಿಗಿಂತ ಇವುಗಳ ಸ್ಥಿತಿ ಕೆಟ್ಟದಾಗಿದೆ. ಇನ್ನೂ ಚೆನ್ನಾಗಿರೋದನ್ನ ಚೆನ್ನಾಗಿರುವಾಗ್ಲೇ ನೋಡ್ಕೊಳ್ಳೋದು ಸುಲಭ. ಮೇಲೆ ಹೇಳಿದ ಚಿಕ್ಕ ಹಾರುಗಪ್ಪೆ, ಆನಮಲೈ ಕಪ್ಪೆ ಇವೆಲ್ಲ ಆಗ್ಲೇ ಅಪಾಯದ ಪಟ್ಟೀಲಿವೆ.

ರಾತ್ರಿ ಕೂಗೋದು ಇದೇನಾ?

ಮಲೆನಾಡಿನ ಮಳೆಗಾಲದ ರಾತ್ರೀಲಿ ಒಂದೇ ಸಲಕ್ಕೆ ಎಷ್ಟೋ ಜಾತಿ ಕೂಗ್ತಿರ್ತವೆ, ಜೊತೆಗೆ ಜೀರುಂಡೆ. ಹಾರುಗಪ್ಪೆದು ದೊಡ್ಡ ದನಿ ಅಲ್ಲ, ಟಕ ಟಕ ಟಕ ಅಂತ ಒಣ ಕಡ್ಡಿ ಬಡಿದ ಹಾಗೆ ಒಂದಿಷ್ಟು ಸಲ ಹೇಳಿ ಸುಮ್ನಾಗತ್ತೆ. ಗದ್ದೆ ಕಡೆಯಿಂದ ಗಟ್ಟಿಯಾಗಿ ಬರೋದು ಗೋಂಕರು ಕಪ್ಪೆ, ಅದು ಬೇರೆ.

ನೋಡೋಕೆ ಬರ್ಬೇಕು, ಫೋಟೋ ತೆಗೀಬೇಕು. ಯಾವಾಗ, ಎಲ್ಲಿ?

ಜೂನ್ ಕೊನೆಯಿಂದ ಆಗಸ್ಟ್‌ವರೆಗೆ, ಸಂಜೆ ಏಳೂವರೆ ಮೇಲೆ, ಮಳೆ ಹನಿ ಹನಿ ಬೀಳ್ತಿರುವಾಗ. ಆಗುಂಬೆ, ಕೊಡಗು, ಸಕಲೇಶಪುರ, ದಾಂಡೇಲಿ, ಅಂಬೋಲಿ ಯಾವ ಕಡೆ ಹೋದ್ರೂ ಊರಿನವ್ರನ್ನ ಜೊತೆಗೆ ಕರ್ಕೊಂಡು ಹೋಗಿ. ಕಾಡಿನ ಒಳಗೆ ಹೋಗೋದಾದ್ರೆ ಅರಣ್ಯ ಇಲಾಖೆ ಅನುಮತಿ ಬೇಕು. ಹಸಿರು ಮಂಡಲ ಹಾವೂ ಅದೇ ಗಿಡಗಳಲ್ಲಿ ಕಪ್ಪೆಗೋಸ್ಕರ ಕಾದು ಕೂತಿರತ್ತೆ, ಕೊಂಬೆಗೆ ಕೈ ಹಾಕೋ ಮೊದಲು ಟಾರ್ಚ್ ಹಾಕಿ ನೋಡಿ.

ಫೋಟೋಗೆ ಅಂತ ಕಪ್ಪೇನ ಹಿಡಿದು ತಂದು ಚೆಂದದ ಎಲೆ ಮೇಲೆ ಕೂರಿಸೋದು, ಹಾರ್ಲಿ ಅಂತ ಮೇಲಿಂದ ಎಸೆಯೋದು, ಇದನ್ನೆಲ್ಲ ಕಣ್ಣಾರೆ ಕಂಡಿದ್ದೀನಿ, ನೋಡಿ ಜಗಳ ಆಡಿದ್ದೀನಿ. ಜೋಡಿ ಗೂಡು ಕಡೆಯುವಾಗ ಮುಖಕ್ಕೇ ಫ್ಲ್ಯಾಶ್ ಹೊಡೆದ್ರೆ ಅರ್ಧಕ್ಕೆ ಬಿಟ್ಟು ಹೋಗಬಹುದು. ದೂರದಿಂದ ಬೆಳಕು ಕಮ್ಮಿ ಮಾಡ್ಕೊಂಡು ನೋಡಿ. ಒಂದು ಊರಿನ ಹೊಂಡದಿಂದ ಇನ್ನೊಂದಕ್ಕೆ ಹೋಗೋ ಮೊದಲು ಗಂಬೂಟು ತೊಳೆದು ಒಣಗಿಸಿ, ಕಪ್ಪೆ ಚರ್ಮಕ್ಕೆ ಬರೋ ಕೈಟ್ರಿಡ್ ಶಿಲೀಂಧ್ರ ಪಶ್ಚಿಮ ಘಟ್ಟದಲ್ಲೂ ಪತ್ತೆ ಆಗಿದೆ, ಒದ್ದೆ ಮಣ್ಣು ನೀರಿನ ಜೊತೆ ಹರಡತ್ತೆ ಅದು.

ಮನೇಲಿ ಗಾಜಿನ ಪೆಟ್ಟಿಗೇಲಿ ಸಾಕಬಹುದಾ?

ಬೇಡ. ರಾತ್ರಿ ಹತ್ತು ಮೀಟರ್ ತೇಲಿ ಹೋಗೋ ಪ್ರಾಣಿಗೆ ಎರಡು ಅಡಿ ಪೆಟ್ಟಿಗೆ ಯಾಕೆ?

ನಮ್ಮ ತೋಟಕ್ಕೆ ಇದು ಬರ್ಲಿ ಅಂದ್ರೆ ಏನು ಮಾಡ್ಬೇಕು?

ಘಟ್ಟದ ಕಡೆ ತೋಟ ಇದ್ದು ಸುತ್ತ ಕಾಡೋ ಸೊಪ್ಪಿನ ಬೆಟ್ಟವೋ (ತೋಟಕ್ಕೆ ಸೊಪ್ಪು ತರೋ ಕಾಡು) ಇದ್ರೆ ಹೊಸದಾಗಿ ಏನೂ ಕಟ್ಟೋದು ಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಹೊಂಡ, ತೊಟ್ಟಿ ಸುತ್ತ ಕ್ಲೀನ್ ಮಾಡಿಸ್ತೀವಲ್ಲ, ಆಗ ಕತ್ತಿ ಹಿಡಿದವ್ರಿಗೆ ನೀರಿನ ಮೇಲೆ ಬಾಗಿರೋ ಕೊಂಬೆ ಎರಡು ಮೂರು ಬಿಡಿ ಅಂತ ಹೇಳಿ. ಎಲೆ ಬಿದ್ದು ನೀರು ಕೆಡತ್ತೆ ಅಂತ ಅವರು ಹೇಳ್ತಾರೆ, ನಮ್ಮನೇಲೂ ಹೇಳಿದ್ರು. ಬಿಡಿಸ್ದೆ. ಸಿಮೆಂಟ್ ತೊಟ್ಟಿ ಆದ್ರೆ ಒಳಗಡೆ ಒಂದು ಒರಟು ಹಲಗೆನೋ ಅಡಿಕೆ ದಬ್ಬೆನೋ ಓರೆಯಾಗಿ ನಿಲ್ಸಿ, ಕಾಲು ಬಂದ ಮರಿಗಳು ಹತ್ತಿ ಹೊರಗೆ ಬರೋಕೆ ಆಗತ್ತೆ, ಇಲ್ಲಾಂದ್ರೆ ನೆಟ್ಟನೆ ಗೋಡೇಲಿ ಸಣ್ಣವು ಒದ್ದಾಡ್ತವೆ. ಬೋರ್ಡೋ ಡ್ರಮ್ಮು ದೂರ, ಗಪ್ಪಿ ಬೇಡ, ರಾತ್ರಿ ಇಡೀ ಉರಿಯೋ ಎಲ್‌ಇಡಿ ಲೈಟು ತೊಟ್ಟಿ ಕಡೆ ತಿರುಗಿಸ್ಬೇಡಿ. ನಮ್ಮ ತೊಟ್ಟಿ ಮೇಲಿನ ಹಲಸಿನ ಕೊಂಬೇಲಿ ಹೋದ ಆರಿದ್ರಾ ಮಳೇಲಿ ಮೂರು ಗೂಡು ಇದ್ದವು, ಈ ಸಲ ಎಷ್ಟಾಯ್ತು ಅಂತ ಅಮ್ಮ ದಿನಾ ಬೆಳಿಗ್ಗೆ ಕೊಡೆ ಹಿಡ್ಕೊಂಡು ಹೋಗಿ ಎಣಿಸಿ ಬರ್ತಾರೆ.